ಕಂಡಕ್ಟರ್ ಚಿಗವ್ವ ಎಂಆರ್‌ಐಗೆ ರೈಟ್ ಕೊಟ್ಟದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೊಲ್ಲಾಪುರ ರಸ್ತೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಆ ದಿನ ಎಂಆರ್‌ಐ ಯಂತ್ರ ಮೂರು ಸಲ ನಿಂತದ್ದು ನನ್ನಿಂದ. ಯಂತ್ರ ಕೆಟ್ಟಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. ನಾನು ನಮ್ಮ ಚಿಗವ್ವನಿಗೆ ಒಂದು ಬುದ್ಧಿಮಾತು ಹೇಳಿದ್ದೆ, ಅಷ್ಟೇ. ನನ್ನ ಬುದ್ಧಿಮಾತು ಕೇಳಿ ಇಲ್ಲಿಯವರೆಗೆ ಯಾರೂ ಉದ್ಧಾರವಾಗಿಲ್ಲ, ನಾನೂ ಸೇರಿ.

ಚಿಗವ್ವ ಎಂದರೆ ನಮ್ಮವ್ವನ ತಂಗಿ, ಸಾವಿತ್ರಿ. ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆ ಹೋಗುವ ಸರ್ಕಾರಿ ಬಸ್ಸುಗಳ ಕಂಡಕ್ಟರ್. ಆಳು ಐದಡಿಯೂ ಇಲ್ಲ, ದನಿ ಮಾತ್ರ ಬಸ್ಸಿಗಿಂತ ಮೊದಲೇ ಊರು ಮುಟ್ಟುತ್ತದೆ. ಕೊರಳಲ್ಲಿ ತಾಳಿ, ತಾಳಿಯ ಪಕ್ಕ ಸೀಟಿ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿರುವ ನಮ್ಮ ಮನೆಯಲ್ಲಿ ನಾಲ್ಕೇ ಮಂದಿ ಉಣ್ಣಲು ಕೂತರೂ "ಒಳಗ ಸರೀರಿ, ಬಾಗಲದಾಗ ಗದ್ಲ ಮಾಡಬ್ಯಾಡ್ರಿ" ಎಂದೇ ಬಡಿಸುವುದು.

ಒಮ್ಮೆ ತಿಕೋಟಾದಲ್ಲಿ ಹತ್ತಿದ ಒಬ್ಬ ಗಟ್ಟಿ ಆಸಾಮಿ ಬಾಗಿಲಲ್ಲೇ ಜೋತುಬಿದ್ದು ನಿಂತ. "ನನಗೇನೂ ಆಗಂಗಿಲ್ಲ ಬಿಡವ್ವಾ" ಎಂದ. ಚಿಗವ್ವ ಟಿಕೆಟ್ ಹರಿಯುತ್ತಲೇ, "ನಿನಗೇನೂ ಆಗಂಗಿಲ್ಲಪಾ, ನೀ ಬಿದ್ದು ಅರಾಮ ಮಲಗತಿ. ಆಮ್ಯಾಲ ರಿಪೋರ್ಟ್ ಬರ್ಯಾಕಿ ನಾನು. ನನ್ನ ಅಕ್ಷರ ಚಂದಿಲ್ಲ, ಒಳಗ ಬಾ" ಎಂದಳು. ಆಸಾಮಿ ಬಬಲೇಶ್ವರದವರೆಗೂ ಬಸ್ಸಿನ ನಟ್ಟನಡುವೆ ನಿಂತಿದ್ದ.

ನನ್ನ ಕಸುಬು ಮಂದಿಯ ದನಿ ತೆಗೆಯುವುದು. ಓಣಿಯ ಗಣಪತಿಯ ಮುಂದೆ ನಾನು ಚಿಗವ್ವ ಸ್ಟಾಪುಗಳ ಹೆಸರು ಕೂಗುವ ಅಣಕ ಮಾಡುತ್ತಿದ್ದಾಗ ಅವಳೇ ಡ್ಯೂಟಿ ಮುಗಿಸಿ ಬಂದು ಹಿಂದೆ ನಿಂತಿದ್ದಳು. ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ. "ಅರಕೇರಿ ಬಿಟ್ಟಿ ನೋಡು. ಅಲ್ಲಿ ಇಳ್ಯಾವರು ಏನ್ ಮಾಡಬೇಕು?" ಎಂದಳು, ಅಷ್ಟೇ.

ಇಂಥವಳಿಗೂ ಒಂದು ಭಯವಿತ್ತು. ನಮ್ಮಜ್ಜಿಯನ್ನು ಸ್ತನ ಕ್ಯಾನ್ಸರ್ ಒಯ್ದಿತ್ತು. ನಮ್ಮವ್ವನನ್ನೂ ಅದೇ ಒಯ್ಯಿತು. ಗಂಟು ಕೈಗೆ ಸಿಕ್ಕಾಗ ತಡವಾಗಿತ್ತು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಈ ಚಿಗವ್ವನೇ. ಡಾಕ್ಟರಮ್ಮ ಅವಳ ರಕ್ತ ಪರೀಕ್ಷೆ ಮಾಡಿಸಿ, "ಮನೆತನದಾಗ ಬಂದ ಜೀನಿನ ದೋಷ ನಿಮ್ಮ ರಕ್ತದಾಗೂ ಐತ್ರಿ. ರೋಗ ಬಂದೇ ಬರ್ತೈತಿ ಅಂತಲ್ಲ, ಆದ್ರ ಉಳಿದವರಿಗಿಂತ ನಿಮಗ ಅಪಾಯ ಜಾಸ್ತಿ. ಬಂದ್ರೂ ಗಂಟು ಕೈಗೆ ಸಿಗೂಕಿಂತ ಮೊದಲ ನಮಗ ಕಾಣಬೇಕು. ವರ್ಷಕ್ಕೊಮ್ಮಿ ಮ್ಯಾಮೊಗ್ರಾಮ್, ಅದರ ಜೋಡಿ ಎಂಆರ್‌ಐ" ಎಂದಿದ್ದರು. ಚಿಗವ್ವ ಮ್ಯಾಮೊಗ್ರಾಮ್ ಮುಗಿಸಿದಳು. ಎಂಆರ್‌ಐ ಅಂದರೆ ಮಾತ್ರ "ಡ್ಯೂಟಿ ಐತಿ". ರಜೆಯ ದಿನವೂ ಡ್ಯೂಟಿ ಐತಿ. ಕೊನೆಗೊಂದು ದಿನ ಸಣ್ಣ ದನಿಯಲ್ಲಿ ಕೇಳಿದಳು: "ಲೇ ಸಿದ್ಯಾ, ಅದರಾಗ ಭಾಳ ಸಪ್ಪಳ ಅಂತಲ್ಲೋ? ಗವಿ ಇದ್ದಂಗ ಐತಂತ?"

ಆಗ ನಾನು ಆ ಬುದ್ಧಿಮಾತು ಹೇಳಿದೆ. ಫೋನಿನಲ್ಲಿ ನೋಡಿದ್ದ ಯಂತ್ರದ ಸದ್ದನ್ನು ಗಡಗಡ, ಟಕಟಕ ಎಂದು ಬಾಯಲ್ಲೇ ಬಾರಿಸಿ, "ಚಿಗವ್ವ, ಅದು ನಿನ್ನ ಬಸ್ಸ ಅಂತ ತಿಳ್ಕೋ. ಸಪ್ಪಳ ಬಂದ್ರ ಗಾಡಿ ಹೊಂಟೈತಿ, ನಿಂತ್ರ ಸ್ಟಾಪ್ ಬಂದೈತಿ. ಕೈಯಾಗೊಂದು ರಬ್ಬರ್ ಗುಂಡು ಕೊಡ್ತಾರ, ಅದು ನಿನ್ನ ಸೀಟಿ" ಎಂದೆ. ಅವಳ ಮುಖ ಅರಳಿತು. ಮರುವಾರವೇ ಹೊರಟಳು. ಲೋಹ ಒಳಗೆ ಒಯ್ಯಬಾರದೆಂದು ತಾಳಿ ಬಿಚ್ಚಿಟ್ಟು ಅರಿಷಿಣದ ದಾರ ಕಟ್ಟಿಕೊಂಡಳು. ಕಾಲುಂಗುರ, ಬಳೆ ಎಲ್ಲ ನನ್ನ ಕಿಸೆಗೆ ಬಂದವು. ಸೀಟಿ ಕೊಡುವಾಗ ಮಾತ್ರ ಎರಡು ಸಲ "ಹುಷಾರು" ಎಂದಳು.

ಟೆಕ್ನಿಷಿಯನ್ ಕಡ್ಡಿಯಂಥ ಹುಡುಗಿ. ಚಿಗವ್ವನನ್ನು ಬೋರಲು ಮಲಗಿಸಿ, ಗುಂಡು ಕೈಗಿಟ್ಟು, "ತ್ರಾಸಾದ್ರ ಒತ್ರಿ" ಎಂದಳಂತೆ. ಗಾಡಿ ನಿಂತುಬಿಡುವುದಕ್ಕಿಂತ ದೊಡ್ಡ ತ್ರಾಸು ನಮ್ಮ ಚಿಗವ್ವನಿಗೆ ಗೊತ್ತಿಲ್ಲ. ಬಸ್ಸಿನ ಕಾಯ್ದೆ ಎಂದರೆ ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಆ ಯಂತ್ರವೋ, ಒಂದು ಫೋಟೋ ಮುಗಿದು ಇನ್ನೊಂದು ಶುರುವಾಗುವ ನಡುವೆ ತಾನಾಗಿಯೇ ಗಪ್ ಆಗುತ್ತದೆ. ಗಪ್ ಆಯಿತು, ಚಿಗವ್ವ ಎರಡು ಸಲ ಒತ್ತಿದಳು. ಹುಡುಗಿ ಗಾಬರಿಯಾಗಿ ಎಲ್ಲ ನಿಲ್ಲಿಸಿ ಮಂಚ ಹೊರಗೆಳೆದಳು.

ಒಳಗಿನಿಂದ ಚಿಗವ್ವನ ದನಿ ನನ್ನ ಬೆಂಚಿನವರೆಗೂ ಬಂತು: "ಯವ್ವಾ, ನಾ ರೈಟ್ ಕೊಟ್ರ ಗಾಡಿ ಹಿಂದ ಬಂತಲ್ಲ!"

ಹುಡುಗಿಗೆ ಅರ್ಥವಾಗಲಿಲ್ಲ. ಇನ್ನೂ ಎರಡು ಸಲ ಹೀಗೇ ಆದಾಗ ಬಾಗಿಲು ತೆರೆದು ನನ್ನನ್ನು ಕೇಳಿದಳು, "ನಿಮ್ಮ ಚಿಗವ್ವಗ ಉಸರ ಕಟ್ಟಾಕತ್ತೈತೇನ್ರಿ?" ನಾನು ತಪ್ಪೊಪ್ಪಿಕೊಂಡೆ. ಅವಳು ನಗಲಿಲ್ಲ. ಚಿಗವ್ವ ಮೂರು ಸಲ ತಲೆಯೆತ್ತಿ ಹೊರಳಾಡಿದ್ದರಿಂದ ಫೋಟೋ ಎಲ್ಲ ಕೆಟ್ಟಿದ್ದವು. ಪುಣ್ಯಕ್ಕೆ, ಫೋಟೋ ಎದ್ದು ಕಾಣಲೆಂದು ನರಕ್ಕೆ ಔಷಧಿ ಬಿಡುವುದು ಇನ್ನೂ ಬಾಕಿಯಿತ್ತು, ಮೊದಲಿನಿಂದ ಮಾಡಬಹುದಿತ್ತು.

"ಮೊದಲಿಂದಾ? ಸಾಕು ತಗೀರಿ, ನಾ ಮನಿಗೆ ಹೊಂಟೆ" ಎಂದು ಚಿಗವ್ವ ಎದ್ದು ಕೂತದ್ದು ತೆರೆದ ಬಾಗಿಲಿನಿಂದ ಕೇಳಿಸಿತು. ನನಗೆ ನಗು ನಿಂತಿತು. ಈಗ ಮನೆಗೆ ಹೋದರೆ ಅವಳು ಮತ್ತೆ ಈ ಕಡೆ ಹಾಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕಡ್ಡಿ ಹುಡುಗಿ ಸೊಂಟಕ್ಕೆ ಕೈಯಿಟ್ಟು ಹೇಳಿದಳು, "ಅಕ್ಕಾರ, ಇಲ್ಲಿ ಡ್ರೈವರೂ ನಾನ, ಕಂಡಕ್ಟರೂ ನಾನ. ನೀವು ಪ್ಯಾಸೆಂಜರ್. ನಡು ದಾರ್‍ಯಾಗ ಇಳ್ಯಾಕ ಬರಂಗಿಲ್ಲ. ಮಲಗ್ರಿ."

ಇಷ್ಟು ವರ್ಷಗಳಲ್ಲಿ ಚಿಗವ್ವನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಮಲಗಿದಳು. ಮುಕ್ಕಾಲು ತಾಸು ಮಿಸುಕಲಿಲ್ಲ.

ವಾರದ ಮೇಲೆ ಡಾಕ್ಟರಮ್ಮ ರಿಪೋರ್ಟ್ ನೋಡಿ, ಈ ಸಲ ಏನೂ ಇಲ್ಲ, ಮುಂದಿನ ವರ್ಷ ಮತ್ತೆ ಬರಬೇಕು ಎಂದರು. ನಾನು ಓಣಿಯ ತುಂಬ ಪೇಢೆ ಹಂಚಿ, ಪೇಢೆಯ ಜೊತೆ ಈ ಕತೆಯನ್ನೂ ಅಭಿನಯಿಸಿ ಹಂಚಿದೆ.

ವರ್ಷ ತುಂಬಿತು. ಯಾರೂ ನೆನಪಿಸದೆ ಚಿಗವ್ವ ತಾನೇ ರಜೆ ಹಾಕಿ, ದಾರ ಕಟ್ಟಿಕೊಂಡು ಹೊಸ್ತಿಲಿಗೆ ಬಂದಳು. ನಾನೂ ಚಪ್ಪಲಿ ಮೆಟ್ಟಿಕೊಂಡು, ಬಾಯಲ್ಲಿ ಗಡಗಡ ಬಾರಿಸುತ್ತ ಹಿಂದೆ ಹೊರಟೆ. ಅವಳು ತಿರುಗಿ ನಿಂತಳು.

"ನಿಮ್ಮವ್ವನ್ನ ಯಾರೂ ಹಿಂಗ ಮೊದಲ ಕರದು ನೋಡಲಿಲ್ಲೋ, ಸಿದ್ಯಾ. ನನ್ನ ಕರದಾರ, ಹೊಂಟೀನಿ. ನೀ ಮನ್ಯಾಗ ಬಿದ್ದಿರು; ಅಲ್ಲಿ ಒದರಾಕ ಒಂದು ಮಷೀನ್ ಐತಿ, ಸಾಕು."