ಡಿಪೋದವರ ಗ್ರೂಪ್ ಫೋಟೋ

ಗ್ರೂಪ್ ಫೋಟೋ ತೆಗೆಯುವುದೆಂದರೆ ಬಟನ್ ಒತ್ತುವುದು, ಅಷ್ಟೇ ತಾನೇ ಅನ್ನುವವರು ಒಮ್ಮೆ ಬಸ್ ಡಿಪೋಗೆ ಬಂದು ನೋಡಬೇಕು. ದಿನವಿಡೀ ‘ಒಳಗೆ ಹೋಗಿ, ಹಿಂದೆ ಜಾಗ ಇದೆ’ ಎಂದು ಲೋಕಕ್ಕೆಲ್ಲ ಬುದ್ಧಿ ಹೇಳುವ ಕಂಡಕ್ಟರುಗಳು, ತಾವೇ ಸಾಲಿನಲ್ಲಿ ನಿಲ್ಲಬೇಕಾದಾಗ ಒಂದು ಹೆಜ್ಜೆ ಹಿಂದೆ ಸರಿಯುವವರಲ್ಲ. ಡ್ರೈವರುಗಳೋ, ಹಾರ್ನ್ ಹೊಡೆಯದೆ ಮಾತಾಡಿದರೆ ಕೇಳಿಸಿಕೊಳ್ಳುವವರೇ ಅಲ್ಲ. ಇಂಥವರನ್ನು ವರ್ಷಕ್ಕೊಮ್ಮೆ ನಿಲ್ಲಿಸಿ, ಒಬ್ಬರ ಕಣ್ಣೂ ಮುಚ್ಚದಂತೆ ಹಿಡಿಯುತ್ತಿದ್ದವಳು ಸ್ಟುಡಿಯೋ ಅಮ್ಮ. ಅವಳ ಗಂಟಲು ಅಂಥಾದ್ದು.

“ಏಯ್, ಮೂರನೇ ಸಾಲಿನ ಮೀಸೆ! ನಗೋಕೂ ಓವರ್‌ಟೈಮ್ ಕೊಡ್ಬೇಕಾ ನಿಂಗೆ?” ಎಂದು ಅವಳು ಗದರಿದರೆ, ಅತ್ತ ವರ್ಕ್‌ಶಾಪಿನಲ್ಲಿ ಬಸ್ಸಿನ ಕೆಳಗೆ ಮಲಗಿದ್ದವನೂ ಹಲ್ಲು ಕಿರಿಯುತ್ತಿದ್ದ.

ಮಗಳಿಗೆ ಆ ಗಂಟಲು ಬರಲಿಲ್ಲ, ಕಣ್ಣು ಬಂತು. ಫ್ರಾಕು ಹಾಕುವ ವಯಸ್ಸಿನಿಂದಲೇ ಅವಳು ಡಾರ್ಕ್‌ರೂಮಿನ ಕೆಂಪು ದೀಪದಡಿ ಸ್ಟೂಲು ಹತ್ತಿ ನಿಲ್ಲುತ್ತಿದ್ದಳು. ಟ್ರೇಯ ಔಷಧಿ ನೀರಿನಲ್ಲಿ ಬಿಳಿ ಕಾಗದದ ಮೇಲೆ ಮೊದಲು ಮೀಸೆಗಳು, ಆಮೇಲೆ ಹುಬ್ಬುಗಳು, ಆಮೇಲೆ ಇಡೀ ಮುಖಗಳು ಮೂಡುತ್ತಿದ್ದವು. “ಯಾರು ಕಣ್ಣು ಮುಚ್ಚಿದ್ದಾರೆ, ಬೇಗ ಹೇಳು ನೋಡೋಣ” ಎಂದು ಅಮ್ಮ ಪಂದ್ಯ ಕಟ್ಟುತ್ತಿದ್ದಳು. ಪ್ರತಿ ಸಲ ಮಗಳದ್ದೇ ಗೆಲುವು. ಅನ್ನ ಆರಿ ತಣ್ಣಗಾದರೂ ತಾಯಿ ಮಗಳು ಈಚೆ ಬರುತ್ತಿರಲಿಲ್ಲ. ನೆಗಡಿ ಅಂಟಿದಷ್ಟು ಸುಲಭವಾಗಿ ಆ ಹುಚ್ಚು ಒಬ್ಬಳಿಂದ ಇನ್ನೊಬ್ಬಳಿಗೆ ಅಂಟಿಬಿಟ್ಟಿತು. ಆದರೆ ಹುಡುಗಿ ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸದು. ಅಣ್ಣ ಅವಳಿಗೆ ‘ಸೊಳ್ಳೆ’ ಎಂದೇ ಹೆಸರಿಟ್ಟಿದ್ದ.

ಹುಡುಗಿ ದೊಡ್ಡವಳಾದಳು, ಡಾರ್ಕ್‌ರೂಮು ಹೋಗಿ ಡಿಜಿಟಲ್ ಕ್ಯಾಮೆರಾ ಬಂತು. ಹೀಗಿರುವಾಗ ಅಮ್ಮನ ಗಂಟಲಿಗೆ ಆಪರೇಷನ್ ಆಯಿತು. ಡಿಪೋವನ್ನೇ ನಡುಗಿಸಿದ ದನಿ ಪಿಸುಮಾತಿಗೆ ಇಳಿಯಿತು. ಅಣ್ಣ ಕೆಟ್ಟವನಲ್ಲ, ಅಂಜುಬುರುಕ.

“ಅಮ್ಮಾ, ಮೊಬೈಲ್ ಅಂಗಡಿಯವನು ನಮ್ಮ ಸ್ಟುಡಿಯೋ ಬಾಡಿಗೆಗೆ ಕೇಳ್ತಿದ್ದಾನೆ. ಕೊಟ್ಟುಬಿಡೋಣ. ಡಿಪೋ ಕೆಲಸ, ಅದರ ಹಿಂದೆ ಬರೋ ಅವರ ಮನೆಗಳ ಮದುವೆ ಕೆಲಸ ಕೈತಪ್ಪಿದ್ರೆ ಉಳಿಯೋದೇನು? ಆ ಜನರನ್ನ ಸೊಳ್ಳೆ ನಿಲ್ಲಿಸ್ತಾಳಾ? ಅವಳನ್ನ ಹೊಸಕಿ ಹಾಕ್ತಾರೆ ಅಷ್ಟೇ.”

ಅಮ್ಮ ಇಬ್ಬರ ಮುಖವನ್ನೂ ನೋಡಿದಳು. “ಈ ಸಲ ಇವಳು ತೆಗೀಲಿ,” ಎಂದು ಪಿಸುಗುಟ್ಟಿದಳು. “ಸರಿ ಬಂದ್ರೆ ಸ್ಟುಡಿಯೋ ಇವಳದು. ಇಲ್ಲಾಂದ್ರೆ ನೀನು ಹೇಳಿದ ಹಾಗೆ.”

ಆ ಸ್ಟುಡಿಯೋ ಹೋದರೆ ತನಗೆ ನಿಲ್ಲಲು ಇನ್ನೊಂದು ಜಾಗವಿಲ್ಲ ಎಂದು ಮಗಳಿಗೆ ಚೆನ್ನಾಗಿ ಗೊತ್ತಿತ್ತು.

ಫೋಟೋ ದಿನ ತೊಳೆದು ನಿಲ್ಲಿಸಿದ ಬಸ್ಸಿನ ಮುಂದೆ ಬೆಂಚುಗಳನ್ನು ಜೋಡಿಸಿದ್ದರು. ಡಿಪೋ ಮ್ಯಾನೇಜರು ಅಮ್ಮನನ್ನು ಬಿಡಲೇ ಇಲ್ಲ. “ಇಷ್ಟು ವರ್ಷ ನಮ್ಮನ್ನ ಕೂರಿಸಿ ಬೈದಿದ್ದೀರಿ, ಇವತ್ತು ನೀವೂ ಕೂತ್ಕೊಳ್ಳಿ” ಎಂದು ಮುಂದಿನ ಸಾಲಿನ ಕುರ್ಚಿ ತೋರಿಸಿದರು. ಅವಳು ಒಲ್ಲದ ಮನಸ್ಸಿನಿಂದ ಕೂತಳು.

ಮಗಳು ಏಣಿ ಹತ್ತಿದಳು. “ಸ್ವಲ್ಪ ಈ ಕಡೆ ನೋಡಿ” ಎಂದಳು. ಯಾರಿಗೆ ಕೇಳಬೇಕು? ಇನ್ನೊಮ್ಮೆ ಹೇಳಿದಳು. ಹಿಂದಿನ ಸಾಲಿನಲ್ಲಿ ಪಾಳಿ ಬದಲಿಸುವ ಜಗಳ ಜೋರಾಗಿತ್ತು. ಏಣಿ ಹಿಡಿದಿದ್ದ ಅಣ್ಣ, “ನಾನು ಕೂಗ್ಲೇನೇ?” ಎಂದ. ಅವಳ ಕಣ್ಣಲ್ಲಿ ನೀರೇ ಬಂತು.

ಮುಂದಿದ್ದ ಕಂಡಕ್ಟರಮ್ಮ ತನ್ನ ಸೀಟಿಯನ್ನು ಮೇಲಕ್ಕೆ ಚಾಚಿದಳು. “ತಗೋ ತಾಯಿ, ಊದು!”

ಮಗಳು ಗಾಬರಿಯಲ್ಲಿ ಎರಡು ಸಲ ಊದಿದಳು. ಅಯ್ಯೋ ದೇವರೇ! ಎರಡು ಸೀಟಿ ಅಂದರೆ ಬಸ್ಸು ಹೊರಡು ಅಂತ. “ರೈಟ್, ರೈಟ್!” ಎಂದು ಹಿಂದಿನ ಸಾಲು ಕೂಗಿತು, ಡ್ರೈವರುಗಳು ಸ್ಟೇರಿಂಗ್ ತಿರುಗಿಸಿದ ಹಾಗೆ ಮಾಡಿ ಬೆಂಚಿನಿಂದ ಹಾರಿದರು, ಸಾಲೆಲ್ಲ ಚೆಲ್ಲಾಪಿಲ್ಲಿ. ಅಣ್ಣ ತಲೆಯ ಮೇಲೆ ಕೈ ಹೊತ್ತ.

ಮಗಳಿಗೆ ಮಾತ್ರ ತಟ್ಟನೆ ಏನೋ ಹೊಳೆಯಿತು. ಸೀಟಿಯನ್ನು ಮತ್ತೆ ತುಟಿಗಿಟ್ಟು ಒಂದೇ ಸಲ, ಉದ್ದಕ್ಕೆ ಊದಿದಳು.

ನಿಂತರು! ಎತ್ತಿದ ಕಾಲು ಎತ್ತಿದ ಹಾಗೇ, ಇಡೀ ಡಿಪೋ ಗಪ್‌ಚುಪ್. ಜೀವಮಾನವೆಲ್ಲ ಒಂದು ಸೀಟಿಗೆ ಬ್ರೇಕ್ ಒತ್ತಿದ ಕಾಲುಗಳು ಇನ್ನೇನು ಮಾಡಿಯಾವು! ಆ ನಿಶ್ಶಬ್ದದಲ್ಲಿ ಸೊಳ್ಳೆಯ ದನಿ ಕೊನೆಯ ಸಾಲಿನವರೆಗೂ ಮುಟ್ಟಿತು.

“ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ ಹೋಗಿ. ಒಂದು ಸೀಟಿಗೆ ಕಣ್ಣು ಮುಚ್ಚಿ. ಎರಡು ಸೀಟಿಗೆ ತೆಗೀರಿ, ರೂಟು ಮುಗಿಸಿ ಮನೆಗೆ ಹೊರಟ ಹಾಗೆ ನಗಿ.”

ಒಂದು ಸೀಟಿ. ಎಲ್ಲ ಕಣ್ಣೂ ಮುಚ್ಚಿದವು. ಎರಡು ಸೀಟಿ. ಕ್ಲಿಕ್!

ಮ್ಯಾನೇಜರು ಓಡಿ ಬಂದರು, ಅಣ್ಣ ಅವರಿಗಿಂತ ಮುಂಚೆ ಕತ್ತು ಚಾಚಿದ. ಮಗಳು ಏಣಿಯ ಮೇಲಿಂದಲೇ ಬಗ್ಗಿ ಕ್ಯಾಮೆರಾದ ಪರದೆಯಲ್ಲಿ ಒಂದೊಂದೇ ಮುಖವನ್ನು ದೊಡ್ಡದು ಮಾಡಿ ತೋರಿಸಿದಳು. ಹಿಂದಿನ ಸಾಲು, ಕಣ್ಣು ತೆರೆದಿದೆ, ಹಲ್ಲೂ ಕಾಣುತ್ತಿದೆ. ನಡುವಿನ ಸಾಲು, ಭೇಷ್. ಮುಂದಿನ ಸಾಲಿಗೆ ಬಂದವಳೇ ಅವಳು ಗಕ್ಕನೆ ನಿಂತಳು.

“ಒಬ್ಬರು ಮುಚ್ಚಿದ್ದಾರೆ,” ಎಂದಳು.

“ಯಾರವನು?” ಎಂದು ಮ್ಯಾನೇಜರು ಸಿಡುಕಿದರು.

“ಅಮ್ಮ.”

ನಿಜ. ಎರಡು ಸೀಟಿ ಆದಾಗ ಅಮ್ಮ ಕಣ್ಣು ತೆರೆದಿರಲೇ ಇಲ್ಲ. ಎರಡೂ ಕೆನ್ನೆಯ ಮೇಲೆ ನೀರು ಇಳಿದಿತ್ತು. ಜನ್ಮವಿಡೀ ಕಣ್ಣು ಮುಚ್ಚಿದವರನ್ನು ಬೈದವಳು ಸಿಕ್ಕಿಬಿದ್ದಳಲ್ಲ! ಡಿಪೋಗೆ ಡಿಪೋವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೀಟಿ ಕೊಟ್ಟ ಕಂಡಕ್ಟರಮ್ಮ ನಗುತ್ತಲೇ ಸೆರಗಿನಿಂದ ಅವಳ ಮುಖ ಒರೆಸಿದಳು.

ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು, ಏಣಿಯ ಮೇಲಿದ್ದ ಮಗಳ ಕಡೆ ಕೈಯೆತ್ತಿದಳು. ಎಲ್ಲರೂ ಸುಮ್ಮನಾದರು. ಆ ಉಳಿದ ಚೂರು ದನಿಯಲ್ಲಿ ಅವಳು ಹೇಳಿದಳು:

“ತಪ್ಪಾಯ್ತು, ಫೋಟೋಗ್ರಾಫರೇ. ಇನ್ನೊಂದು ತೆಗೀರಿ.”