ಹಿಂದಿರುಗಿದ ಕುಂಬಳಕಾಯಿ

ನನ್ನ ಬಲಗೈಯ ಹೆಬ್ಬೆರಳು ನೋಯುತ್ತಿದೆ. ಅನ್ನ ಕಲಸುವಾಗ ಮರೆತುಹೋಗಿ, ಅಂಗಿಯ ಗುಂಡಿ ಹಾಕುವಾಗ ಮಾತ್ರ ತನ್ನ ಇರವನ್ನು ನಯವಾಗಿ ತಿಳಿಸುವ, ಒಂದು ಬಗೆಯ ಸಭ್ಯ ನೋವು ಅದು. ಭೂಮಿ ಹುಣ್ಣಿಮೆಗೆ ಎಂಟು ದಿನ ಮುಂಚೆ ಮೊದಲ ಸಲ ತೋರಿಸಲು ಹೋದಾಗ, ಶಿಕಾರಿಪುರದ ನಮ್ಮ ಬೀದಿಯ ವೈದ್ಯರು ಬೆರಳನ್ನು ಆಚೀಚೆ ತಿರುಗಿಸಿ, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಸರ್ವೆ ಇಲಾಖೆಯಿಂದ ನಿವೃತ್ತನಾಗಿ ಕೆಲವು ವರ್ಷಗಳೇ ಕಳೆದಿದ್ದರೂ ನಾನು ಒಂದಿಷ್ಟೂ ತಡವರಿಸದೆ, "ಬರವಣಿಗೆ" ಎಂದೆ. ಪೂರ್ತಿ ಸುಳ್ಳೇನಲ್ಲ. ಆಗ ನಾನು ತಹಶೀಲ್ದಾರರಿಗೆ ಒಂದು ಮನವಿಪತ್ರ ಬರೆಯುವ ಸಿದ್ಧತೆಯಲ್ಲಿದ್ದೆ. ಆದರೆ ಪ್ರಿಯ ಓದುಗರೇ, ಮನವಿಪತ್ರ ಬರೆದು ಹೆಬ್ಬೆರಳು ಕೆಡಿಸಿಕೊಂಡವರನ್ನು ನೀವೆಲ್ಲಾದರೂ ಕಂಡಿದ್ದೀರಾ? ವೈದ್ಯರೂ ಕಂಡಿರಲಿಲ್ಲ. ಆದರೂ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಒಂದು ಮುಲಾಮು ಬರೆದುಕೊಟ್ಟರು.

ನಿಜಸಂಗತಿ ಇದು. ಬಾಣಂತನಕ್ಕೆ ಬಂದಿದ್ದ ಮಗಳು ವೀಣಾ, ಮಗುವನ್ನು ಎತ್ತಿಕೊಳ್ಳುವುದು ಹೇಗೆ, ಮಲಗಿಸುವುದು ಹೇಗೆ ಎಂದು ನಾನು ಗಳಿಗೆಗೊಮ್ಮೆ ಕೊಡುತ್ತಿದ್ದ ಸಲಹೆಗಳಿಂದ ಪಾರಾಗಲು ನನ್ನ ಫೋನಿಗೆ ಒಂದು ಬೇಸಾಯದ ಆಟ ಹಾಕಿಕೊಟ್ಟಳು. ಉಳುವುದು, ಬಿತ್ತುವುದು, ನೀರು ಹಾಯಿಸುವುದು, ಕೊಯ್ಯುವುದು, ಎಲ್ಲವೂ ಹೆಬ್ಬೆರಳಿನಿಂದಲೇ. ಮೂವತ್ತು ವರ್ಷ ಕಂಡವರ ಹೊಲದಲ್ಲಿ ಸರಪಳಿ ಎಳೆದು, ಅಣ್ಣತಮ್ಮಂದಿರ ನಡುವೆ ಬಾಂದುಕಲ್ಲು ನೆಟ್ಟು ಇಬ್ಬರಿಂದಲೂ ಬೈಸಿಕೊಂಡು ಬಂದ ನನ್ನ ಹೆಸರಿನಲ್ಲಿ ಒಂದು ಗುಂಟೆ ಜಮೀನೂ ಇರಲಿಲ್ಲ. ಈ ಆಟವೋ, ಅರ್ಜಿಯಿಲ್ಲದೆ, ಪಹಣಿಯಿಲ್ಲದೆ, ಯಾವ ಮೇಜಿನ ಮುಂದೂ ಕಾಯಿಸದೆ ನನ್ನನ್ನು ಭೂಮಾಲೀಕನನ್ನಾಗಿ ಮಾಡಿಬಿಟ್ಟಿತು. ಹಳೆಯ ಚಾಳಿ ಬಿಡಲಿಲ್ಲ. ಮೊದಲ ದಿನವೇ ಚೌಕುಳಿ ಕಾಗದದ ಮೇಲೆ ಅದರ ನಕ್ಷೆ ಬರೆದು, ನಾಲ್ಕು ಮೂಲೆಗೂ ಒಂದೊಂದು ಗಿಡ ನೆಟ್ಟು ಹದ್ದುಬಸ್ತು ಮಾಡಿದೆ.

ಆಟದಲ್ಲಿ ನನ್ನ ಪಕ್ಕದ ಹೊಲ ನಮ್ಮ ಬೀಗರದು. ಅವರು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ವೀರಭದ್ರಪ್ಪನವರು, ಅಂದರೆ ವೀಣಾಳ ಮಾವ. ನಿಜವಾದ ಭತ್ತದ ಗದ್ದೆಯೂ ಉಳ್ಳವರು. ನೆರೆಹೊರೆಯವರು ತಾವು ಬೆಳೆದದ್ದನ್ನು ಪರಸ್ಪರ ಕಳುಹಿಸಬಹುದೆಂಬ ಒಂದು ನಿಯಮ ಆ ಆಟದಲ್ಲಿದೆ. ಬೀಗರು ಮೊಟ್ಟೆ ಕಳುಹಿಸಿದರೆ ನಾನು ಬದನೆಕಾಯಿ ಕಳುಹಿಸುತ್ತಿದ್ದೆ. ಹುಟ್ಟಾ ಸಸ್ಯಾಹಾರಿಗಳಾದ ನಾವಿಬ್ಬರೂ ಮೊಟ್ಟೆಯ ವಿಚಾರವನ್ನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ.

ಇತ್ತ ನಮ್ಮ ಪೇಟೆಯ ಕ್ಷೌರದಂಗಡಿಯಲ್ಲಿ ಬೇರೆಯೇ ಗಾಳಿ ಬೀಸುತ್ತಿತ್ತು. ಹಣ ಪಣಕ್ಕಿಡುವ ಆಟಗಳಿಗೆ ಸರ್ಕಾರ ಕಡಿವಾಣ ಹಾಕಿದೆಯೆಂಬ ಸುದ್ದಿ ಬಂದಾಗಿನಿಂದ ಅಲ್ಲಿ ಕತ್ತರಿಗಿಂತ ನಾಲಿಗೆಗೇ ಹೆಚ್ಚು ಕೆಲಸ. ಅಷ್ಟಕ್ಕೇ ನಿಲ್ಲಬಾರದು, ಎಲ್ಲ ಆಟಗಳನ್ನೂ ಬಂದ್ ಮಾಡಬೇಕು ಎಂದು ಒಬ್ಬರು. ಕಣ್ಣು ಹಾಳಾಗುತ್ತದೆ ಎಂದು ಇನ್ನೊಬ್ಬರು. ಕಣ್ಣು ಹೋದರೆ ಹೋಗಲಿ, ಸಂಸ್ಕೃತಿ ಹಾಳಾಗುತ್ತದೆ ಎಂದು ಮತ್ತೊಬ್ಬರು. ತಾನು ಮಾಡದ ಕೆಲಸವನ್ನೆಲ್ಲ ಸರ್ಕಾರ ನಿಷೇಧಿಸಬೇಕೆಂಬ ವಿಷಯದಲ್ಲಿ ನಮ್ಮ ಊರಿನಲ್ಲಿ ಪಕ್ಷಭೇದವಿಲ್ಲ. ಅಧಿಕಾರಿಗಳಿಗೆ ಬರೆಯುವ ಕನ್ನಡ ನನಗೆ ಕರಗತವೆಂಬ ಅಪಖ್ಯಾತಿ ಇರುವುದರಿಂದ ಮನವಿಪತ್ರದ ಹೊಣೆ ನನ್ನ ಹೆಗಲಿಗೇ ಬಿತ್ತು. ಒಲ್ಲೆನೆನ್ನಬಹುದಿತ್ತು. ಆದರೆ ಅಷ್ಟು ಜನ ಏಕಕಾಲಕ್ಕೆ ನಮ್ಮನ್ನು ತಿಳಿದವರೆಂದು ನೋಡುವ ಸುಖವಿದೆಯಲ್ಲ, ಅದರ ಮುಂದೆ ಯಾವ ಆಟವೂ ಸಾಟಿಯಲ್ಲ.

ಬಳ್ಳಿಗಾವಿ, ಬಂದಳಿಕೆಗಳ ಶಾಸನಗಳನ್ನು ಸರ್ವೆಯ ಓಡಾಟದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಇಂಥ ಶಾಸನಗಳ ಕೊನೆಗೆ, ಇದನ್ನು ಅಳಿಸಿದವನು ಹುಳುವಾಗಿ ಹುಟ್ಟುತ್ತಾನೆ ಎಂಬಂಥ ಶಾಪವೊಂದು ಇರುವುದುಂಟು. ನನ್ನ ಮನವಿಪತ್ರವೂ ಹೆಚ್ಚುಕಡಿಮೆ ಅದೇ ಧಾಟಿಯಲ್ಲಿ ಹೊರಟಿತು. ಹಾಗೆ ಶಾಪ ಹಾಕುವವನು ತಾನೇ ಹುಳುವಾಗಬಾರದಲ್ಲವೇ? ಆದ್ದರಿಂದ ಬರೆದು ಮುಗಿಯುವವರೆಗೆ ಆಟ ಮುಟ್ಟುವುದಿಲ್ಲವೆಂದು ವ್ರತ ತೊಟ್ಟೆ. ಬರೆದು ಮುಗಿದ ಮೇಲೆ ಏನೆಂಬುದನ್ನು ವ್ರತದಲ್ಲಿ ಸೇರಿಸಲಿಲ್ಲ.

ಹುಣ್ಣಿಮೆ ಕಳೆದು ನಾಲ್ಕು ದಿನಕ್ಕೆ ವೀಣಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಕುಳಿತಿದ್ದಳು. ಮುಂದಿನ ವಾರ ನಮ್ಮ ಮನೆಯಲ್ಲಿ ಮಗುವಿಗೆ ತೊಟ್ಟಿಲ ಶಾಸ್ತ್ರ. ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳಬೇಕಾದವರು ಬೀಗರು. ಅವರು ಬರುವುದಿಲ್ಲ ಎಂದಿದ್ದಾರಂತೆ. ಕಾರಣ ಕೇಳಿದರೆ ಬಾಯಿಬಿಡುತ್ತಿಲ್ಲವೆಂದು ಅಳಿಯ ಫೋನ್ ಮಾಡಿದ್ದ. ಕೊನೆಗೆ ಬೀಗಿತ್ತಿಯ ಮೂಲಕ ಸಂಗತಿ ಹೊರಬಿದ್ದಿತ್ತು.

"ಅಪ್ಪಾ, ಮಾವ ಕಳ್ಸಿದ ಕುಂಬಳಕಾಯಿ ಯಾಕೆ ವಾಪಸ್ ಮಾಡ್ದೆ?"

ನನಗೆ ಮೊದಲು ಏನೂ ತಿಳಿಯಲಿಲ್ಲ. ಫೋನ್ ತೆಗೆದು ನೋಡಿದೆ. ಹುಣ್ಣಿಮೆಯ ದಿನ ಬೀಗರು ಒಂದು ಕುಂಬಳಕಾಯಿ ಕಳುಹಿಸಿದ್ದರು. ಮೂರು ದಿನದೊಳಗೆ ನಾವು ಒತ್ತಿ ಸ್ವೀಕರಿಸದಿದ್ದರೆ ಉಡುಗೊರೆ ತಾನಾಗಿ ಕಳುಹಿಸಿದವರಿಗೇ ಮರಳುತ್ತದಂತೆ. ನಾನು ವ್ರತಸ್ಥನಾಗಿ ದುರ್ವ್ಯಸನವನ್ನು ಖಂಡಿಸುತ್ತಿದ್ದ ಹೊತ್ತಿನಲ್ಲಿ ಯಂತ್ರವು ನನ್ನ ಪರವಾಗಿ ಬೀಗರ ಹೊಸಿಲಿಗೆ ಕುಂಬಳಕಾಯಿಯನ್ನು ವಾಪಸ್ ಒಯ್ದು ಇಟ್ಟಿತ್ತು. ಬೀಗರ ಮನೆಯಿಂದ ಬಂದದ್ದನ್ನು ಹಿಂದಕ್ಕೆ ಕಳುಹಿಸುವುದೆಂದರೇನು ಎಂಬುದನ್ನು ಯಂತ್ರ ಮಾಡಿದವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಕಡೆ ಕೊಟ್ಟ ತಾಂಬೂಲದಲ್ಲಿ ಅಡಿಕೆ ಒಂದು ಕಡಿಮೆಯಾದರೂ ಎರಡು ತಲೆಮಾರು ಮಾತು ನಡೆಯುತ್ತದೆ. ವೀಣಾ ಇನ್ನು ಮೂರು ತಿಂಗಳಿಗೆ ಆ ಮನೆಗೇ ಹಿಂದಿರುಗಬೇಕು. ನಗು ಬಂದದ್ದು ನಿಜ. ಆದರೆ ಅವಳ ಮುಖ ನೋಡಿ ನಗಲಾಗಲಿಲ್ಲ.

ಮರುದಿನ ಬೆಳಿಗ್ಗೆ ಸಂತೆಪೇಟೆಯಲ್ಲಿ ಸಿಕ್ಕ ದೊಡ್ಡ ಕುಂಬಳಕಾಯಿಯೊಂದನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಕುಪ್ಪಗಡ್ಡೆಯವರೆಗೂ ಅದು ನನ್ನ ತೊಡೆಯ ಮೇಲೆಯೇ ಇತ್ತು. ಬೀಗರು ಜಗುಲಿಯಲ್ಲಿ ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು ಕುಳಿತಿದ್ದರು. ಅವರ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳಾಗಿತ್ತು. ಬನ್ನಿ ಎಂದರು, ಆದರೆ ಮುಖ ರಸ್ತೆಯ ಕಡೆಗಿತ್ತು. ಬೀಗಿತ್ತಿ ನನ್ನ ಚೀಲ ನೋಡಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ಅವರ ಕೊಟ್ಟಿಗೆಯ ಮಾಡಿನ ಮೇಲೆ ಒಂದು ಡಜನ್ ಕುಂಬಳಕಾಯಿ ಬಿಸಿಲು ಕಾಯಿಸುತ್ತಿದ್ದವು.

ಮನವಿಪತ್ರ, ವ್ರತ, ಮೂರು ದಿನದ ನಿಯಮ, ಎಲ್ಲವನ್ನೂ ವಿವರಿಸಿದೆ. ಬೀಗರು ರಸ್ತೆಯ ಕಡೆಗಿದ್ದ ಮುಖವನ್ನು ಇತ್ತ ತಿರುಗಿಸಿ, ಮಂಡಿ ಸವರಿಕೊಂಡರು.

"ಈ ಸಲ ಹುಣ್ಣಿಮೇಲಿ ಗದ್ದೆಗೆ ಹೋಗಕ್ಕೆ ಮಂಡಿ ಬಿಡ್ಲಿಲ್ಲ ಬೀಗ್ರೆ," ಎಂದರು. "ಎಡೆ ತುಂಬಿದ ಭೂಮಣ್ಣಿ ಬುಟ್ಟಿ ಮಗ ಹೊತ್ಕೊಂಡು ಹೋದ. ನಾನು ಇಲ್ಲೇ ಕೂತು ಈ ಫೋನೊಳಗೆ ಒಂದು ಕಾಯಿ ಕೊಯ್ದೆ. ಈ ವರ್ಷ ನನ್ನ ಕೈಯಾರೆ ಬೆಳೆದಿದ್ದು ಅದೊಂದೇ. ನಿಮಗೆ ಕಳ್ಸಿದೆ."

ಬಸುರಿ ಭೂಮಿಗೆ ಬಯಕೆಯೂಟ ಬಡಿಸುವ ಹಬ್ಬದ ಬೆಳಗಿನಲ್ಲಿ, ಬುದ್ಧಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸದೆ ಗದ್ದೆಗೆ ಹೋದ ಮನುಷ್ಯ ಜಗುಲಿಯಲ್ಲಿ ಕುಳಿತು ಹೆಬ್ಬೆರಳಿನಿಂದ ನೆಲ ತಡವುತ್ತಿದ್ದರು. ಅದೇ ವಾರ ನಾನು ಮನವಿಪತ್ರದಲ್ಲಿ, ಇಂಥ ಆಟಗಳು ಮನುಷ್ಯನನ್ನು ಮಣ್ಣಿನಿಂದ ದೂರ ಮಾಡುತ್ತವೆ ಎಂಬ ವಾಕ್ಯವನ್ನು ಬಲು ಹೆಮ್ಮೆಯಿಂದ ಬರೆದಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಇನ್ನೊಂದು ಸಲ ಕಳುಹಿಸಿ ಎಂದು ಕೇಳಿಕೊಂಡೆ. ಬೀಗರು ಮೊದಲು ಬಿಗುಮಾನ ಮಾಡಿದರು, ಆಮೇಲೆ ಕನ್ನಡಕ ತರಿಸಿದರು. ನನ್ನ ಫೋನ್ ಸದ್ದು ಮಾಡಿದೊಡನೆ ನಾನು ಎದ್ದು ನಿಂತು, ಚಪ್ಪಲಿ ಬಿಟ್ಟು, ಹೆಗಲ ಶಲ್ಯವನ್ನು ಎರಡೂ ಕೈಗಳ ಮೇಲೆ ಹರಡಿ, ಅದರ ಮೇಲೆ ಫೋನಿಟ್ಟುಕೊಂಡು, ಬೀಗರ ಸಮಕ್ಷಮದಲ್ಲಿ ಕುಂಬಳಕಾಯಿಯನ್ನು ಒತ್ತಿ ಸ್ವೀಕರಿಸಿದೆ. ಬೀಗಿತ್ತಿ ನಗುತ್ತಲೇ ಕುಂಕುಮದ ಬಟ್ಟಲು ತಂದರು. ಬೀಗರು ಮಾತ್ರ ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ, ಊಟ ಮಾಡಿಕೊಂಡೇ ಹೋಗಬೇಕೆಂದರು.

ಊರಿಗೆ ಮರಳಿದವನು ಮನವಿಪತ್ರದಲ್ಲಿ 'ಎಲ್ಲ ಆಟಗಳನ್ನು' ಎಂಬುದರ ಹಿಂದೆ 'ಕೃಷಿ ಸಂಬಂಧಿ ಆಟಗಳನ್ನು ಹೊರತುಪಡಿಸಿ' ಎಂದು ಸೇರಿಸಿ ಕ್ಷೌರದಂಗಡಿಯಲ್ಲಿ ಓದಿದೆ. ಸಂಸ್ಕೃತಿಯ ಬಗ್ಗೆ ಚಿಂತಿಸಿದ್ದವರು, ಹಾಗಾದರೆ ಚದುರಂಗವನ್ನೂ ಬಿಡಬಹುದು, ಅದು ನಮ್ಮದೇ ಎಂದರು. ಕಣ್ಣಿನ ಕಾಳಜಿಯವರು ಕೇರಂ ಎಂದರು. ಕ್ಷೌರಿಕ ಕತ್ತರಿ ಕೆಳಗಿಟ್ಟು, ಕಾರು ಓಡಿಸುವ ಆಟದಿಂದ ಕೈಗೆ ಹಿಡಿತ ಬರುತ್ತದೆ, ಅದು ತನ್ನ ಕಸುಬಿಗೆ ಬೇಕು ಎಂದ. ಸಂಜೆಯ ಹೊತ್ತಿಗೆ ನಮ್ಮ ಮನವಿ ಏನನ್ನೂ ನಿಷೇಧಿಸದ ಒಂದು ಸುಂದರ ಗದ್ಯವಾಗಿ ಉಳಿಯಿತು. ಈಗಲೂ ಅದು ಆ ಅಂಗಡಿಯ ಕನ್ನಡಿಯ ಚೌಕಟ್ಟಿನಲ್ಲಿ ಸಿಕ್ಕಿಸಿದ ಹಾಗೇ ಇದೆ.

ತೊಟ್ಟಿಲ ಶಾಸ್ತ್ರಕ್ಕೆ ಬೀಗರು ಬಂದರು. ಊರುಗೋಲನ್ನು ಗೋಡೆಗೆ ಒರಗಿಸಿ, ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು. ವೀಣಾ ಅಂದು ನನ್ನ ಕಡೆ ತಿರುಗಿ ಒಮ್ಮೆ ನಕ್ಕಳು, ನನಗೆ ಅಷ್ಟು ಸಾಕಾಯಿತು. ಮರುದಿನ ಮುಲಾಮು ಮುಗಿದಿದ್ದರಿಂದ ವೈದ್ಯರ ಬಳಿಗೆ ಹೊರಟಾಗ ಬೀಗರೂ ಮೆಲ್ಲಗೆ ಜೊತೆಗೆ ಬಂದರು. ವೈದ್ಯರು ನನ್ನ ಬೆರಳು ತಿರುಗಿಸುತ್ತ, ಇನ್ನೂ ಬರೆಯುತ್ತಿದ್ದೀರಾ ಎಂದರು.

"ಬಿಟ್ಟೆ ಡಾಕ್ಟ್ರೇ, ಈಗ ಬೇಸಾಯ," ಎಂದೆ.

ವೈದ್ಯರು ಆಶ್ಚರ್ಯದಿಂದ, ಜಮೀನು ಎಲ್ಲಿದೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬೀಗರು ತಮ್ಮ ಬಲಗೈಯ ಹೆಬ್ಬೆರಳನ್ನು ಮೇಜಿನ ಮೇಲೆ, ನನ್ನದರ ಪಕ್ಕಕ್ಕೇ ಇಟ್ಟರು.

"ನಮ್ಮ ಹೊಲದ ಪಕ್ಕದ್ದೇ ಇವ್ರದ್ದು," ಎಂದರು.