ಪಥ್ಯದ ಗಂಜಿ ಮತ್ತು ಕರಿಯ ಪರದೆ

ನನ್ನ ಗಂಡನಿಗೆ ಮಾತು ವಾಪಸ್ ಬಂದಿಲ್ಲ. ಬಂದಿದೆ ಎಂದು ಹೇಳಿಕೊಂಡು ತಿರುಗುವವರು ಇದ್ದಾರೆ. ಕದರಮಂಡಲಗಿಯ ಹನುಮಪ್ಪ ಕಣ್ಣು ಬಿಟ್ಟ ಎನ್ನುತ್ತಾಳೆ ನನ್ನ ನಾದಿನಿ. ಮಗಳ ಅಂಗಡಿಗೆ ಬರುವವರು ಕಂಪ್ಯೂಟರ್ ಮಾತಾಡಿಸಿತು ಎನ್ನುತ್ತಾರೆ. ಎರಡೂ ಅಲ್ಲ. ಅವರಿಗೆ ಏನು ಬೇಕಾಗಿದೆ ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ನಾನು ಒಂದು ಗುಂಡಿ ಒತ್ತುವುದನ್ನು ಮರೆತೆ, ಗೊತ್ತಾಯಿತು. ನಡೆದದ್ದು ಇಷ್ಟೇ.

ಅವರಿಗೆ ಲಕ್ವಾ ಹೊಡೆದದ್ದು ಬ್ಯಾಡಗಿಯ ಮಾರುಕಟ್ಟೆಯಲ್ಲಿ, ಮೆಣಸಿನಕಾಯಿ ಚೀಲಗಳ ನಡುವೆ. ಮೊದಲು ಅಲ್ಲಿ ಹಮಾಲಿ ಮಾಡಿದವರು, ಆಮೇಲೆ ತೂಕದ ಕೆಲಸಕ್ಕೆ ನಿಂತವರು. ವಯಸ್ಸಾದ ಮೇಲೆ ಸುಮ್ಮನೆ ಚಹಾ ಕುಡಿಯುವ ನೆಪ ಮಾಡಿಕೊಂಡು ಹೋಗುತ್ತಿದ್ದರು. ಹಾವೇರಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಹೋದವು. ತಿಳುವಳಿಕೆ ಹೋಗಿರಲಿಲ್ಲ. ಕಣ್ಣು ನೋಡಿದರೆ ಸಾಕಿತ್ತು, ಒಳಗೆ ಮನುಷ್ಯ ಪೂರಾ ಇದ್ದಾನೆ ಎಂದು ತಿಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಅವರ ಮೂಗಿನಲ್ಲಿ ನಳಿಗೆ ಹಾಕಿದ್ದರು. ಎಡಗೈಯಿಂದ ಅದನ್ನು ಕಿತ್ತು ಒಗೆದರು. ಮತ್ತೆ ಹಾಕಿದರು, ಮತ್ತೆ ಕಿತ್ತರು. ಆಗ ಆ ಎಡಗೈಯನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಕಟ್ಟಿದವರದು ತಪ್ಪಿಲ್ಲ, ನಳಿಗೆ ಕಿತ್ತರೆ ಹೊಟ್ಟೆಗೆ ಏನು ಹೋಗಬೇಕು. ಆದರೆ ಉಳಿದ ಒಂದು ಕೈಯನ್ನೂ ಕಟ್ಟಿಹಾಕಿದಾಗ ಅವರು ನನ್ನನ್ನು ನೋಡಿದ ರೀತಿಯನ್ನು ಇನ್ನೊಮ್ಮೆ ನೋಡುವುದು ನನಗೆ ಬೇಡವಾಗಿತ್ತು. ನುಂಗುವುದು ಸ್ವಲ್ಪ ಸುಧಾರಿಸಿದ ಮೇಲೆ ನಳಿಗೆ ತೆಗೆದು ಮನೆಗೆ ಕಳಿಸಿದರು. ಹೊರಡುವಾಗ ಡಾಕ್ಟರು ಹೇಳಿದರು, “ಬಾಯಿಲೆ ಉಂಡ್ರ ಚೊಲೋ ಆತು. ಉಣ್ಣಲಿಲ್ಲಂದ್ರ ಮತ್ತ ನಳಿಗಿ ಹಾಕೂದ. ಬ್ಯಾರೆ ದಾರಿ ಇಲ್ಲಬೇ ಯವ್ವ.”

ಮನೆಗೆ ಬಂದವರು ಉಣ್ಣಲಿಲ್ಲ. ರವೆಯ ಗಂಜಿ ಮಾಡಿದೆ, ರಾಗಿಯ ಅಂಬಲಿ ಮಾಡಿದೆ, ಅನ್ನಕ್ಕೆ ಹಾಲು ಹಾಕಿ ಕಿವುಚಿದೆ. ಎರಡು ಚಮಚ ನುಂಗಿ ತುಟಿ ಮುಚ್ಚುತ್ತಿದ್ದರು. ಎಡಗೈಯನ್ನು ಗಾಳಿಯಲ್ಲಿ ಆಡಿಸಿ ಏನೋ ಹೇಳುತ್ತಿದ್ದರು, ನನಗೆ ತಿಳಿಯುತ್ತಿರಲಿಲ್ಲ. ಅವರಿಗೆ ಸಿಟ್ಟು ಬರುತ್ತಿತ್ತು, ನನಗೂ ಬರುತ್ತಿತ್ತು. ದಿನದಿನಕ್ಕೆ ಕೆನ್ನೆ ಒಳಗೆ ಹೋಗತೊಡಗಿತು.

ಕರ್ಜಗಿಯಿಂದ ನಾದಿನಿ ಬಂದು ಅಣ್ಣನ ತಲೆಯ ಹತ್ತಿರ ಕುಳಿತಳು. “ವೈನಿ, ಅಣ್ಣ ಜೀವದ ಆಸೆ ಬಿಟ್ಟಾನ” ಎಂದಳು.

“ಆಸೆ ಬಿಟ್ಟಾವ ಚಾ ಕೊಟ್ರ ಯಾಕ ಕುಡೀತಾನ?” ಎಂದೆ.

“ನಿನಗ ಎಲ್ಲಾದಕ್ಕೂ ಒಂದು ಮಾತೈತಿ.”

“ನಿಮ್ಮಣ್ಣಂದೂ ನಾನ ಆಡಬೇಕಲ್ಲ ಈಗ.”

ಅವಳು ಕದರಮಂಡಲಗಿಗೆ ಹರಕೆ ಹೊತ್ತು ಊರಿಗೆ ಹೋದಳು. ಹೊರಲಿ, ಅಣ್ಣನ ಮೇಲಿನ ಪ್ರೀತಿ ಅದು, ನಾನು ಬೇಡ ಎನ್ನಲಿಲ್ಲ.

ನನ್ನ ಮಗಳು ಹಾವೇರಿಯ ಕೋರ್ಟಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾಳೆ. ಮದುವೆ ಕಾರ್ಡು, ಬೋರ್ಡು, ಪಾಕೀಟಿನ ಲೇಬಲ್ಲು ಎಲ್ಲ ಅಲ್ಲಿಯೇ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತಾಳೆ. ಒಂದು ಭಾನುವಾರ ಅವಳು ಅಂಗಡಿಯ ಹಳೆಯ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ತಂದಳು. ರಾಣೆಬೆನ್ನೂರಿನ ರಿಪೇರಿಯವನು ಅದನ್ನು ಗುಜರಿಗೆ ಹಾಕಿರಿ ಎಂದಿದ್ದನಂತೆ. ಅದರೊಳಗಿನ ಭಾರದ ಸಾಮಾನೆಲ್ಲ ತೆಗೆದು ಹಗುರಾದದ್ದೇನೋ ಹಾಕಿದ್ದಳು. ಏನು ಬೇಕೆಂದು ತಿಳಿಯಲು ಮೊಮ್ಮಕ್ಕಳು ಮೊದಲು ಮೊಬೈಲಿನಲ್ಲಿ ಚಿತ್ರ ತೋರಿಸಿ ನೋಡಿದ್ದರು. ಅಜ್ಜನ ಕಣ್ಣಿಗೆ ಅದು ಸಣ್ಣದು, ಬೆರಳು ತಾಗಿದರೆ ಚಿತ್ರ ಓಡುತ್ತದೆ, ನಡುವೆ ಫೋನು ಬರುತ್ತದೆ.

ಗುಂಡಿ ಒತ್ತಿದರೆ ಪರದೆ ಒಲೆಯ ಹಿಂದಿನ ಗೋಡೆಯ ಹಾಗೆ ಕರ್ರಗೆ. ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಣುಕುತ್ತಿತ್ತು. “ಕೆಟ್ಟೈತೇನ?” ಎಂದು ಕೇಳಿದೆ.

“ಕೆಟ್ಟಿಲ್ಲಬೇ. ಇದಕ್ಕ ಬರದು ಹೇಳಬೇಕು, ಆಗ ಕೇಳತೈತಿ. ಒಂದ ಕೆಲಸ ಗೊತ್ತೈತಿ ಇದಕ್ಕ, ಚಿತ್ರ ತೋರಿಸೂದು. ಬ್ಯಾರೆ ಏನ್ ಬರದ್ರೂ ಸಿಟ್ಟಿಗೇಳತೈತಿ.”

“ನಿಮ್ಮಪ್ಪನ ಜಾತಕ” ಎಂದೆ. ಮಂಚದ ಮೇಲಿದ್ದವರು ನನ್ನನ್ನು ಗುರ್ರನೆ ನೋಡಿದರು.

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಕನ್ನಡ ಓದುತ್ತೇನೆ, ಇಂಗ್ಲಿಷ್ ಬಾರದು. ಬರೆಯಬೇಕಾದದ್ದು ಎಫ್, ಇ, ಎಚ್. ನಾನು ಅವನ್ನು ರೂಪದ ಮೇಲೆ ಗುರುತಿಟ್ಟುಕೊಂಡೆ. ಕೆಳಗಿನ ಹಲ್ಲು ಮುರಿದ ಹಣಿಗೆ, ಪೂರಾ ಹಲ್ಲಿನ ಹಣಿಗೆ, ಒಂದೇ ಮೆಟ್ಟಿಲಿನ ಏಣಿ. ಆಮೇಲೆ ಉದ್ದನೆಯ ಗುಂಡಿ, ಆಮೇಲೆ ಒಂದು ಎಂಬ ಅಂಕಿ, ಕೊನೆಗೆ ಮೂಲೆಯ ದೊಡ್ಡ ಗುಂಡಿ. ಒಂದು ಎಂದರೆ ಅಪ್ಪನಿಗೆ ತೋರಿಸಲು ಮಗಳು ಚಿತ್ರಗಳನ್ನು ಇಟ್ಟ ಕೋಣೆ. ಗುಂಡಿಯ ಮೇಲೆ ಹಣಿಗೆ ಇದ್ದರೆ ಪರದೆಯ ಮೇಲೆ ಬೇರೆಯೇ ಆಕಾರ ಮೂಡುತ್ತಿತ್ತು. ತಪ್ಪಾಯಿತೆಂದು ನಾನು ಮತ್ತೆ ಮತ್ತೆ ಅಳಿಸಿದೆ. ಅದು ಅದೇ ಅಕ್ಷರದ ಸಣ್ಣ ರೂಪ ಎಂದು ಮಗಳು ತಲೆ ಚಚ್ಚಿಕೊಂಡಳು. ಒಂದೇ ಅಕ್ಷರಕ್ಕೆ ಎರಡು ಮುಖ ಯಾಕೆ ಬೇಕು ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.

ಮೊದಲ ದಿನ ಅವಳು ಇಂಟರ್ನೆಟ್ಟಿನಿಂದ ಚಿತ್ರ ಹಾಕಿಕೊಂಡು ಬಂದಿದ್ದಳು. ಬಸಿಯ ಮೇಲೆ ಚಹಾ ಕುಡಿಯುವ ಬಿಳಿಯ ಕಪ್ಪು, ಗಾಜಿನ ಲೋಟದಲ್ಲಿ ನೀರು, ಕುರ್ಚಿಯಂಥ ಪಾಯಿಖಾನೆ. ಅವರು ಪರರ ಮನೆಯ ಮದುವೆ ಫೋಟೊ ನೋಡುವ ಹಾಗೆ ನೋಡಿ ಮುಖ ತಿರುಗಿಸಿದರು. “ಇವು ಯಾರ ಮನೀವ?” ಎಂದೆ ಮಗಳಿಗೆ. ಅವಳು ಎದ್ದು ನಮ್ಮ ಮನೆಯದನ್ನೇ ಫೋಟೊ ತೆಗೆದಳು. ಅವರು ಬಯಲಿಗೆ ಒಯ್ಯುತ್ತಿದ್ದ ಹಿತ್ತಾಳೆ ಚರಿಗೆ, ಸ್ಟೀಲ್ ಲೋಟ, ಫ್ಯಾನು, ಕಿಟಕಿ, ಕಂಬಳಿ, ರೊಟ್ಟಿ, ಅನ್ನ, ಗಂಜಿ, ಹಾಲು, ಬಾಳೆಹಣ್ಣು. ಹೌದು ಎನ್ನಲು ಎಡಗೈಯಿಂದ ಮಂಚಕ್ಕೆ ಗುದ್ದಬೇಕು, ಅಲ್ಲ ಎನ್ನಲು ಕಣ್ಣು ಮುಚ್ಚಬೇಕು ಎಂದು ಒಪ್ಪಂದವಾಯಿತು.

ಪರದೆಯ ಮೇಲೆ ಚರಿಗೆ ಬಂದಾಗ ಅವರು ಗುದ್ದಿದರು. ಎಷ್ಟೋ ದಿನಗಳಿಂದ ಒದ್ದೆಯಾದ ಮೇಲೆ ಬಟ್ಟೆ ಬದಲಿಸುತ್ತಿದ್ದ ನಾನು ಅವತ್ತು ಮೊದಲೇ ಪಾತ್ರೆ ಹಿಡಿದೆ. ದೊಡ್ಡ ಉಪಕಾರವೆಂದರೆ ಇಂಥದ್ದು. ಕಿಟಕಿ ತೆಗೆಯುವುದು, ಫ್ಯಾನು ಬಂದ್ ಮಾಡುವುದು ಎಲ್ಲ ಸುಲಭವಾಯಿತು.

ಊಟ ಮಾತ್ರ ಆಗಲಿಲ್ಲ. ಗಂಜಿ ಬಂದರೆ ಕಣ್ಣು ಮುಚ್ಚುತ್ತಿದ್ದರು. ಹಾಲು, ಅನ್ನ, ಬಾಳೆಹಣ್ಣು, ಕಣ್ಣು ಮುಚ್ಚಿಯೇ ಇರುತ್ತಿತ್ತು. ರೊಟ್ಟಿಗೆ ಮಾತ್ರ ಕೈ ಅರ್ಧ ಎತ್ತಿ ಇಳಿಸುತ್ತಿದ್ದರು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೆ ಬಟ್ಟಲನ್ನೇ ತಳ್ಳಿಬಿಟ್ಟರು. ಕೊನೆಗೆ ಮಗಳು ಫೋನಿನಲ್ಲಿ ಹೇಳಿದಳು, “ಅವ್ವ, ನಾಳೆ ಮುಂಜಾನೆ ಗಾಡಿ ಕಳಸ್ತೇನಿ. ಕರಕೊಂಡು ಬಾ. ಇನ್ನ ಕಾಯೂದು ಬ್ಯಾಡ.” ನಳಿಗೆ ಹಾಕಿಸಲು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಒಂದು ಧೋತರ ಹರಿದು ಮೆತ್ತಗಿನ ಪಟ್ಟಿ ಮಾಡಿಟ್ಟುಕೊಂಡೆ. ಕೈ ಕಟ್ಟುವುದೇ ಆದರೆ ಒರಟು ಬಟ್ಟೆಯಿಂದ ಕಟ್ಟುವುದು ಬೇಡ ಎಂದು.

ಆ ಮಧ್ಯಾಹ್ನ ಕೊನೆಯದಾಗಿ ನೋಡೋಣ ಎಂದು ಕಂಪ್ಯೂಟರ್ ಹಚ್ಚಿದೆ. ತಲೆ ಸರಿ ಇರಲಿಲ್ಲ. ಹಣಿಗೆ, ಹಣಿಗೆ, ಏಣಿ ಒತ್ತಿದೆ, ಅಂಕಿ ಬಿಟ್ಟೆ, ಮೂಲೆಯ ಗುಂಡಿ ಒತ್ತಿಬಿಟ್ಟೆ. ಯಾವ ಕೋಣೆ ಎಂದು ಹೇಳದಿದ್ದರೆ ಅದು ಎದುರಿಗೆ ಬಿದ್ದಿರುವುದನ್ನೆಲ್ಲ ತೋರಿಸುತ್ತದಂತೆ. ಪರದೆಯ ತುಂಬ ಯಾರೋ ಮೀಸೆಯವನ ಮುಖ ಬಂತು. ಮಗಳು ಅಂಗಡಿಯ ಹಳೆಯ ಚಿತ್ರಗಳನ್ನು ಅದರಲ್ಲಿಯೇ ಬಿಟ್ಟಿದ್ದಳು. ಮುಂದಕ್ಕೆ ಒತ್ತಿದೆ, ಗೃಹಪ್ರವೇಶದ ಕಾರ್ಡು. ಮತ್ತೆ ಒತ್ತಿದೆ, ಟ್ರ್ಯಾಕ್ಟರು. ಮತ್ತೆ ಒತ್ತಿದೆ, ಯಾರೋ ಮಾಡಿಸಿದ್ದ ಖಾರದಪುಡಿ ಪಾಕೀಟಿನ ಲೇಬಲ್ಲು. ಸುಕ್ಕುಸುಕ್ಕಾದ ಬ್ಯಾಡಗಿ ಮೆಣಸಿನಕಾಯಿಯ ರಾಶಿ, ಪರದೆ ಪೂರ್ತಿ ಕೆಂಪು.

ಮಂಚ ದಡ್ ಎಂದಿತು. ಕೆಮ್ಮಿರಬೇಕು ಎಂದುಕೊಂಡು ನಾನು ಮುಂದಕ್ಕೆ ಹೋದೆ. ಇನ್ನೂ ಜೋರಾಗಿ ದಡ್ ದಡ್ ಎಂದಿತು. ಹಿಂದಕ್ಕೆ ಬಂದೆ.

“ಇದ?”

ಗುದ್ದಿದರು.

“ಮಾರ್ಕೆಟ್ಟಿಗೆ ಹೋಗಬೇಕೇನ್ರಿ?”

ಕಣ್ಣು ಮುಚ್ಚಿದರು. ಎಂಥ ದಡ್ಡಿಯನ್ನು ಕಟ್ಟಿಕೊಂಡೆ ಎಂಬಂತೆ ಬಹಳ ಹೊತ್ತು ಮುಚ್ಚಿದರು.

“ಖಾರ ಬೇಕೇನ್ರಿ? ಊಟಕ್ಕ?”

ಗುದ್ದಿದ ರಭಸಕ್ಕೆ ಮಂಚದ ಮೇಲಿದ್ದ ಲೋಟ ಕೆಳಗೆ ಉರುಳಿತು.

ಕಾಯಿಲೆಯವರಿಗೆ ಪಥ್ಯ, ಪಥ್ಯವೆಂದರೆ ಖಾರ ಬಂದ್. ನಮ್ಮಲ್ಲಿ ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಜೀವಮಾನವೆಲ್ಲ ಮೆಣಸಿನಕಾಯಿಯ ಧೂಳು ಕುಡಿದು, ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ಉಂಡ ಮನುಷ್ಯನಿಗೆ ನಾವು ಹಾಲುಗಂಜಿ ಕುಡಿಸುತ್ತಿದ್ದೆವು. ಮಗಳು ಮನೆಯ ಚಮಚವನ್ನೂ ಬಿಡದೆ ಫೋಟೊ ತೆಗೆದಿದ್ದಳು, ಮೆಣಸಿನಕಾಯಿಯನ್ನು ತೆಗೆದಿರಲಿಲ್ಲ. ಬ್ಯಾಡಗಿಯ ಮನೆಯಲ್ಲಿ ಅದನ್ನು ಬೇಕೇ ಎಂದು ಯಾರು ಕೇಳುತ್ತಾರೆ. ಅದು ತಟ್ಟೆಯಲ್ಲಿ ಇದ್ದೇ ಇರುತ್ತದೆ.

ಮಗಳಿಗೆ ಫೋನು ಮಾಡಿದೆ. ಅವಳು ಅಂಗಡಿಗೆ ಬೀಗ ಹಾಕಿ ಡಾಕ್ಟರ ಹತ್ತಿರ ಹೋಗಿ ಕೇಳಿ, ಸಂಜೆ ತಿರುಗಿ ಫೋನು ಮಾಡಿದಳು. “ಖಾರ ಬ್ಯಾಡಂತ ನಾ ಯಾವಾಗ ಹೇಳಿದ್ದೆ ಅಂದ್ರಬೇ. ಅದರಿಂದ ಬಾಯಾಗ ನೀರು ಬಂದು ನುಂಗಾಕ ಸರಾಗ ಆದ್ರೂ ಆಗಬಹುದಂತ. ಬೆನ್ನು ನೆಟ್ಟಗ ಮಾಡಿ ಕುಂದ್ರಿಸಿ, ನುಣ್ಣಗ ಅರದು, ಸಣ್ಣ ತುತ್ತು ಕೊಡಬೇಕಂತ. ಉಂಡ್ರ ಗಾಡಿ ಬ್ಯಾಡ. ಉಣ್ಣಲಿಲ್ಲಂದ್ರ ಬರಬೇಕು ನೋಡ.”

ನಾನು ಯಾರಿಗೂ ಸುಮ್ಮನೆ ಕೈ ಮುಗಿಯುವವಳಲ್ಲ. ಆದರೆ ಆ ಸಂಜೆ ಮನಸ್ಸಿನಲ್ಲಿ ಹಲವರಿಗೆ ಮುಗಿದೆ. ಗುಜರಿಗೆ ಹೋಗುವುದನ್ನು ಹೊತ್ತು ತಂದು, ಬೈಸಿಕೊಂಡು, ಅವ್ವನಿಗೆ ಅಕ್ಷರ ಕಲಿಸಿದ ಮಗಳಿಗೆ. ಆ ಲೇಬಲ್ಲು ಮಾಡಿಸಿದ ಖಾರದಪುಡಿಯವನಿಗೆ. ಆ ಮೂರು ಅಕ್ಷರದ ಪ್ರೋಗ್ರಾಮ್ ಮಾಡಿದವರು ಯಾರೋ, ಯಾವ ದೇಶದವರೋ, ಅವರಿಗೂ. ಪುಕ್ಕಟೆ ಕೊಟ್ಟಿದ್ದಾರಂತೆ. ಅದು ನನ್ನ ಹೆಸರು ಕೇಳಲಿಲ್ಲ, ಓದು ಎಷ್ಟು ಎಂದು ಕೇಳಲಿಲ್ಲ, ತನಗೆ ಬರುವ ಒಂದು ಕೆಲಸ ಮಾಡಿ ಸುಮ್ಮನಾಯಿತು. ಅಂಥವರು ಮನುಷ್ಯರಲ್ಲಿ ಕಡಿಮೆ. ನಾದಿನಿ ಈಗಲೂ ಹನುಮಪ್ಪನದೇ ಎನ್ನುತ್ತಾಳೆ. ಅಂಕಿ ಮರೆಸಿದವನು ಅವನೇ ಎಂದರೆ ನಾನು ಜಗಳ ತೆಗೆಯುವುದಿಲ್ಲ.

ಮರುದಿನ ಬೆಳಿಗ್ಗೆ ಬೇಗ ಎದ್ದು, ನೆನೆಸಿಟ್ಟ ಮೆಣಸಿನಕಾಯಿಯ ಬೀಜ ಕೊಡವಿ, ಬೆಳ್ಳುಳ್ಳಿ, ಉಪ್ಪು ಹಾಕಿ ಒರಳಿನಲ್ಲಿ ನುಣ್ಣಗೆ ಅರೆದೆ. ಬಿಸಿ ರೊಟ್ಟಿಯನ್ನು ಬೇಳೆಯ ಕಟ್ಟಿನಲ್ಲಿ ಮೆತ್ತಗೆ ಕಿವುಚಿ, ಅದಕ್ಕೆ ಆ ಖಾರ ಕಲಸಿದೆ. ಬೆನ್ನಿಗೆ ದಿಂಬು ಕೊಟ್ಟು ಅವರನ್ನು ನೆಟ್ಟಗೆ ಕೂಡಿಸಿ ಒಂದು ತುತ್ತು ಇಟ್ಟೆ. ಹಣೆಯ ಮೇಲೆ ಬೆವರು ಬಂತು, ಮೂಗಿನಲ್ಲಿ ನೀರು ಬಂತು. ಗಂಟಲು ಆಡಿತು, ಇಳಿಯಿತು. ಬಾಯಿ ತೆರೆದರು. ಇನ್ನೊಂದು ಇಟ್ಟೆ. ಬಟ್ಟಲು ತಳ ಕಾಣುವ ಹೊತ್ತಿಗೆ ಬಾಗಿಲಲ್ಲಿ ಗಾಡಿ ಬಂದು ಹಾರ್ನ್ ಹೊಡೆಯಿತು. ಎಂಜಲು ಕೈಯಲ್ಲಿಯೇ ಹೊಸ್ತಿಲಿಗೆ ಹೋಗಿ, “ಇವತ್ತ ಬ್ಯಾಡಪ್ಪಾ, ಚಾ ಕುಡದು ಹೋಗು” ಎಂದು ಚಾಲಕನಿಗೆ ಹೇಳಿದೆ. ಒಳಗೆ ಬಂದು ಕೈ ತೊಳೆದು ಅವನಿಗೆ ಚಹಾಕ್ಕೆ ಇಟ್ಟೆ.